ಬಾಗಿದ ಸೈಕಲ್ ಕಡ್ಡಿಯ ಸಾಕ್ಷ್ಯ: ರಾಕ್ ಕ್ರಾಲರ್ ಒಂದರ ಮುಂದಿನ ಡ್ರೈವ್‌ಶಾಫ್ಟ್ ಪ್ರಕರಣ

ರೇಡಿಯೋ ನಿಯಂತ್ರಿತ ರಾಕ್ ಕ್ರಾಲರ್ (ಬಂಡೆ ಹತ್ತುವ ಪುಟ್ಟ ಮಾದರಿ ಗಾಡಿ) ಒಂದಕ್ಕೆ, ಗೇರ್‌ಬಾಕ್ಸಿನ ಶಕ್ತಿಯನ್ನು ಆಕ್ಸಲಿಗೆ ದಾಟಿಸುವ ಕಂಪನಿಯ ಪ್ಲಾಸ್ಟಿಕ್ ಡ್ರೈವ್‌ಶಾಫ್ಟುಗಳ ಬದಲು ಹೊರಗಿನಿಂದ ತರಿಸಿದ ಉಕ್ಕಿನ ಶಾಫ್ಟುಗಳನ್ನು ಹಾಕಿದ ಎರಡೇ ತಿಂಗಳಲ್ಲಿ ಮುಂದಿನ ಶಾಫ್ಟಿನ ಪಿನ್ನು ಎರಡು ಸಲ ಕೈಕೊಟ್ಟಿತು. ಮೊದಲ ಸಲ ನಾವು ಪಿನ್ನನ್ನು ಬದಲಿಸಿ ಸುಮ್ಮನಾದೆವು. ಎರಡನೆಯ ಸಲ ಮಾತ್ರ, ಮುರಿದದ್ದು ಏನು ಎಂಬುದಕ್ಕಿಂತ ಯಾವ ದಿಕ್ಕಿನ ಬಲಕ್ಕೆ ಮುರಿಯಿತು ಎಂದು ಕೇಳಿಕೊಂಡೆವು. ಆ ಪ್ರಶ್ನೆಯಿಂದ ಹೊರಟ ತಪಾಸಣೆ ಮತ್ತು ದುರಸ್ತಿಯ ವಿವರವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಗಾಡಿ ನನ್ನದಲ್ಲ, ಬೆಂಗಳೂರಿನಲ್ಲಿರುವ ನನ್ನ ಗೆಳೆಯರೊಬ್ಬರದು. ಅದು ಆಕ್ಸಿಯಲ್ ಕಂಪನಿ 2016ರಲ್ಲಿ ಬಿಡುಗಡೆ ಮಾಡಿದ ಎಸ್‌ಸಿಎಕ್ಸ್10-2 ಮಾದರಿ. ನಿಜವಾದ ಜೀಪಿನ ಹತ್ತನೆಯ ಒಂದು ಪಾಲಿನ ಗಾತ್ರ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 313 ಮಿ.ಮೀ. ಅಂತರ. ಬ್ಯಾಟರಿ ಸೇರಿ ಅವರ ಗಾಡಿಯ ತೂಕ 2.9 ಕಿ.ಗ್ರಾಂ. ಕಲ್ಲಿಗೆ ಹೊಟ್ಟೆ ತಗಲಬಾರದೆಂದು ಅವರು ಕಂಪನಿಯ ಶಾಕ್‌ಗಳನ್ನು ತೆಗೆದು ಉದ್ದವಾದವನ್ನು ಹಾಕಿಸಿ ಗಾಡಿಯನ್ನು ಎತ್ತರಿಸಿದ್ದರು. ಓಡಿಸುತ್ತಿದ್ದದ್ದು ರಾಮನಗರದ ಕಡೆಯ ಪರಿಚಿತರೊಬ್ಬರ ಹೊಲದಂಚಿನ ಬಂಡೆಗಳ ಮೇಲೆ. ಅಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ. ನಮಗೆ ಸಂಬಂಧಪಟ್ಟದ್ದು ಆ ವಯಸ್ಸಲ್ಲ, ಆ ಕಲ್ಲು ಸವೆದು ಉದುರುವ ಹರಳು ಹರಳಾದ ಗರಸು. ಅದು ಎಲ್ಲಿ ಸಂದು ಕಂಡರೂ ನುಗ್ಗುತ್ತದೆ ಎಂಬುದು ಈ ಪ್ರಕರಣದಲ್ಲಿ ಮುಂದೆ ಬರುತ್ತದೆ.

ಶಾಫ್ಟಿನ ರಚನೆಯನ್ನು ಮೊದಲು ಹೇಳಬೇಕು. ಲಾರಿಯ ಪ್ರೊಪೆಲ್ಲರ್ ಶಾಫ್ಟನ್ನು ನೋಡಿದವರಿಗೆ ಇದು ಹೊಸದೇನಲ್ಲ. ಗೇರ್‌ಬಾಕ್ಸಿನಿಂದ ಹೊರಬರುವ 5 ಮಿ.ಮೀ. ದಪ್ಪದ ದಂಡಕ್ಕೆ ಒಂದು ಯೋಕ್ (ಕವಲಿರುವ ಹಿಡಿಕೆ), ಆಕ್ಸಲಿನ ಪಿನಿಯನ್ (ಚಿಕ್ಕ ಗೇರು) ದಂಡಕ್ಕೆ ಇನ್ನೊಂದು ಯೋಕ್. ಇವೆರಡರ ನಡುವೆ ಒಂದರೊಳಗೊಂದು ಜಾರುವ ಎರಡು ತುಂಡುಗಳ ಶಾಫ್ಟ್. ಗಂಡು ತುಂಡಿನ ಮೈಮೇಲೆ ಆರು ಹಲ್ಲಿನ ಸ್ಪ್ಲೈನ್ (ಉದ್ದುದ್ದ ಹಲ್ಲುಗಳ ಸಾಲು) ಇದ್ದರೆ, ಹೆಣ್ಣು ತುಂಡಿನ ಕೊಳವೆಯೊಳಗೆ ಅದಕ್ಕೆ ಹೊಂದುವ ತೋಡುಗಳಿವೆ. ಎರಡೂ ತುದಿಗಳಲ್ಲಿ ಶಾಫ್ಟಿನ ಕವಲು ಮತ್ತು ಯೋಕಿನ ಕವಲು ಒಂದು ಚಿಕ್ಕ ಉಕ್ಕಿನ ಗುಂಡಿನ ಮೂಲಕ ಅಡ್ಡಡ್ಡವಾಗಿ ಸೇರುತ್ತವೆ. ಮೆಕ್ಯಾನಿಕ್‌ಗಳು ‘ಕ್ರಾಸ್’ ಎನ್ನುವುದು ಈ ಜೋಡಣೆಗೇ. ನಮ್ಮ ಶಾಫ್ಟಿನಲ್ಲಿ ಗುಂಡಿನ ವ್ಯಾಸ 8 ಮಿ.ಮೀ., ಅದರ ಮೂಲಕ ಹಾದುಹೋಗುವ ಪಿನ್ನಿನ ವ್ಯಾಸ 2 ಮಿ.ಮೀ., ಪಿನ್ನು ಜಾರದಂತೆ ಹಿಡಿಯಲು ಗುಂಡಿನೊಳಗೆ ಒಂದು ಪುಟ್ಟ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ).

ಇಂಥ ಜೋಡಣೆಗಳನ್ನು ಹವ್ಯಾಸಿಗಳು ಸಲೀಸಾಗಿ ‘ಸಿವಿಡಿ’ ಎನ್ನುತ್ತಾರೆ, ಅಂದರೆ ವೇಗವನ್ನು ಏರಿಳಿತವಿಲ್ಲದೆ ದಾಟಿಸುವ ಜೋಡಣೆ. ಹೆಸರು ಹಾಗಿದ್ದರೂ ಪಿನ್ನು ಮತ್ತು ಗುಂಡಿನ ಈ ಜೋಡಣೆ ಕೆಲಸ ಮಾಡುವುದು ಹಳೆಯ ಕಾರ್ಡನ್ ಜಾಯಿಂಟಿನಂತೆಯೇ. ಬಾಗಿದ ಸ್ಥಿತಿಯಲ್ಲಿ ಒಂದು ಕಡೆ ಸಮವೇಗದಲ್ಲಿ ತಿರುಗಿದರೆ ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. ಈ ಏರಿಳಿತ ಬಾಗಿದ ಕೋನದ ಕೋಸೈನನ್ನು ಅವಲಂಬಿಸಿರುತ್ತದೆ. 24 ಡಿಗ್ರಿ ಬಾಗಿದ ಒಂಟಿ ಜೋಡಣೆಯಲ್ಲಿ ಅದು ಹೆಚ್ಚುಕಡಿಮೆ ಶೇ 9ರಷ್ಟು. ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ಸಮತಲದಲ್ಲಿದ್ದು, ಎರಡೂ ಕಡೆಯ ಕೋನಗಳು ಸಮನಾಗಿದ್ದರೆ ಒಂದು ತುದಿಯ ಏರಿಳಿತವನ್ನು ಇನ್ನೊಂದು ತುದಿ ಅಳಿಸಿಹಾಕುತ್ತದೆ. ಕವಲುಗಳು ಒಂದಕ್ಕೊಂದು ತಿರುಚಿಕೊಂಡಿದ್ದರೆ ಅಳಿಸುವ ಬದಲು ಕೂಡಿಸುತ್ತದೆ.

ಗೆಳೆಯರು ಹೊಸ ಶಾಫ್ಟುಗಳನ್ನು ಜೋಡಿಸಿದಾಗ ಗಾಡಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಶಾಫ್ಟ್ ಸಲೀಸಾಗಿ ಕೂತಿತೇ ಎಂದು ನೋಡಿದ್ದರು. ಕೂತಿತ್ತು. ಒಳಗೆ ಇನ್ನೂ ನಾಲ್ಕು ಮಿ.ಮೀ. ಜಾಗವಿತ್ತು. ಸ್ಪ್ಲೈನಿಗೆ ಧಾರಾಳವಾಗಿ ಗ್ರೀಸ್ ಬಳಿದು ಸೇರಿಸಿದ್ದರು. ಮೊದಲ ಎರಡು ಓಟಗಳಲ್ಲಿ ದೂರಿರಲಿಲ್ಲ. ನಡುವೆ ಒಮ್ಮೆ ಶಾಫ್ಟ್ ಬಿಚ್ಚಿ ತೊಳೆದು ಮತ್ತೆ ಹಾಕಿದ ನಂತರ, ಏರು ಹತ್ತುವಾಗ ಮುಂದಿನ ಚಕ್ರಗಳು ಒಂದೇ ಸಮನೆ ಉರುಳದೆ ತುಯ್ದು ತುಯ್ದು ನಡೆಯತೊಡಗಿದವು. ನಾಲ್ಕನೆಯ ಓಟದಲ್ಲಿ, ಸುಮಾರು ಒಂದು ಅಡಿ ಎತ್ತರದ ಮೆಟ್ಟಿಲಿನಂಥ ಕಲ್ಲಿನಿಂದ ಮುಂದಿನ ಚಕ್ರಗಳು ಕೆಳಗೆ ಬಿದ್ದ ಮೇಲೆ, ಮುಂದಿನ ಆಕ್ಸಲಿಗೆ ಶಕ್ತಿಯೇ ಬರಲಿಲ್ಲ. ಗೇರ್‌ಬಾಕ್ಸ್ ಕಡೆಯ ಗುಂಡಿನ ಪಿನ್ನು ಮುರಿದಿತ್ತು.

ಬದಲಿ ಪಿನ್ನು ಕೈಯಲ್ಲಿರಲಿಲ್ಲ. ಸಾಮಾನ್ಯ ಸೈಕಲ್ ಕಡ್ಡಿಯ ದಪ್ಪವೂ 2 ಮಿ.ಮೀ. ಆಗಿರುವುದರಿಂದ ಹಳೆಯ ಕಡ್ಡಿಯೊಂದರ ತುಂಡನ್ನು ಕತ್ತರಿಸಿ, ತುದಿಗಳನ್ನು ಅರದಿಂದ ತೀಡಿ ಹಾಕಿದೆವು. ಅದೇ ಹೊತ್ತಿಗೆ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಮತಲದಲ್ಲಿಲ್ಲ ಎಂಬುದೂ ಕಣ್ಣಿಗೆ ಬಿತ್ತು. ತೊಳೆದು ಸೇರಿಸುವಾಗ ಸ್ಪ್ಲೈನ್ ಒಂದು ಹಲ್ಲು ತಪ್ಪಿತ್ತು. ಆರು ಹಲ್ಲಿನ ಸ್ಪ್ಲೈನಿನಲ್ಲಿ ಒಂದು ಹಲ್ಲು ಎಂದರೆ 60 ಡಿಗ್ರಿ. ಶಾಫ್ಟನ್ನು ಸೇರಿಸಲು ಆರು ದಾರಿಗಳಿದ್ದು ಅವುಗಳಲ್ಲಿ ಎರಡು ಮಾತ್ರ ಸರಿ, ನಾಲ್ಕು ತಪ್ಪು. ಕಣ್ಣು ಮುಚ್ಚಿ ಸೇರಿಸಿದವನಿಗೆ ತಪ್ಪುವ ಸಂಭವವೇ ಹೆಚ್ಚು.

ಈ ತಪ್ಪಿನ ಬೆಲೆಯನ್ನು ಲೆಕ್ಕ ಹಾಕಿ ನೋಡಿದೆವು. ಫೋನಿನ ಮಟ್ಟ ಅಳೆಯುವ ಸವಲತ್ತಿನಿಂದ ಅಳೆದಾಗ ಗಾಡಿ ನಿಂತ ಸ್ಥಿತಿಯಲ್ಲಿ ಗೇರ್‌ಬಾಕ್ಸ್ ಕಡೆಯ ಕೋನ 24 ಡಿಗ್ರಿ, ಆಕ್ಸಲ್ ಕಡೆಯದು 20 ಡಿಗ್ರಿ ಬಂತು. ಕವಲುಗಳು ಸರಿಯಾಗಿ ಕೂತಿದ್ದರೆ ಉಳಿಯುವ ಏರಿಳಿತ ಶೇ 3ರೊಳಗೆ. ಒಂದು ಹಲ್ಲು ತಪ್ಪಿದರೆ ಅದು ಶೇ 13–14ಕ್ಕೆ ಏರುತ್ತದೆ, ಅಂದರೆ ಒಂಟಿ ಜೋಡಣೆಯೊಂದು 29 ಡಿಗ್ರಿ ಬಾಗಿ ತಿರುಗಿದಂತೆ. ಏರಿನಲ್ಲಿ ಕಂಡ ತುಯ್ತಕ್ಕೆ ಇಷ್ಟು ಸಾಕು. ಹಲ್ಲನ್ನು ಸರಿಪಡಿಸಿದ ಮೇಲೆ ತುಯ್ತ ನಿಂತಿತು. ಕಾಯಿಲೆ ಸಿಕ್ಕಿತು ಎಂದು ನಾವಿಬ್ಬರೂ ನಂಬಿದೆವು. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ತಪ್ಪು ಹೆಜ್ಜೆ ಅದೇ. ಕಣ್ಣೆದುರಿಗೆ ಒಂದು ದೋಷ ಸಿಕ್ಕಿದ ಕೂಡಲೇ ಮುರಿದ ಪಿನ್ನಿನ ಹೊಣೆಯನ್ನೂ ಅದರ ತಲೆಗೇ ಕಟ್ಟಿದೆವು.

ಮುಂದಿನ ಓಟದಲ್ಲಿ ಮುಂದಿನ ಜೋಡಣೆ ಮತ್ತೆ ಬಿಗಿದುಕೊಂಡಿತು. ಬಿಚ್ಚಿದಾಗ ಸೈಕಲ್ ಕಡ್ಡಿ ಮುರಿದಿರಲಿಲ್ಲ, ಬಾಗಿತ್ತು. ಕಾರ್ಖಾನೆಯ ಗಟ್ಟಿ ಪಿನ್ನು ಎರಡು ತುಂಡಾದಾಗ ಏನನ್ನೂ ಹೇಳಿರಲಿಲ್ಲ. ಮೆತ್ತಗಿನ ಕಡ್ಡಿ ತನ್ನ ಮೇಲೆ ಬಿದ್ದ ಬಲದ ದಿಕ್ಕನ್ನು ಮೈಯಲ್ಲೇ ಉಳಿಸಿಕೊಂಡಿತ್ತು. ಶಾಫ್ಟ್ ತಿರುಗುವ ಬಲದಿಂದ ಬಾಗಿದ್ದರೆ ಕಡ್ಡಿಯ ಎರಡು ತುದಿಗಳು ಸುತ್ತುವ ದಿಕ್ಕಿನಲ್ಲಿ, ಒಂದಕ್ಕೊಂದು ವಿರುದ್ಧವಾಗಿ ಹೊರಳಬೇಕಿತ್ತು. ಇಲ್ಲಿ ಎರಡು ತುದಿಗಳೂ ಒಂದೇ ಕಡೆಗೆ, ಗೇರ್‌ಬಾಕ್ಸಿನತ್ತ, ಶಾಫ್ಟಿನ ಉದ್ದಕ್ಕೆ ಬಾಗಿ ಬಿಲ್ಲಿನಂತಾಗಿದ್ದವು. ಶಾಫ್ಟನ್ನು ಯಾರೋ ಹಿಂದಿನಿಂದ ಗೂಟ ಬಡಿದಂತೆ ಗೇರ್‌ಬಾಕ್ಸಿನ ಕಡೆಗೆ ತಳ್ಳಿದ್ದರು.

ತಿರುಗುವ ಬಲ ಪಿನ್ನನ್ನು ಮುರಿಯಬಲ್ಲದೇ ಎಂಬುದನ್ನೂ ಈಗ ಲೆಕ್ಕಕ್ಕೆ ತಂದೆವು. ಚಕ್ರ ನೆಲವನ್ನು ಎಷ್ಟು ಹಿಡಿಯುತ್ತದೋ ಅದಕ್ಕಿಂತ ಹೆಚ್ಚು ಬಲವನ್ನು ಶಾಫ್ಟ್ ದಾಟಿಸಲಾರದು, ಹಿಡಿತ ಮೀರಿದರೆ ಚಕ್ರವೇ ಜಾರುತ್ತದೆ. ಗಾಡಿಯ ಇಡೀ ಭಾರ, ಅಂದರೆ 28 ನ್ಯೂಟನ್, ಮುಂದಿನ ಆಕ್ಸಲಿನ ಮೇಲೇ ಬಿದ್ದು ಅಷ್ಟೂ ಹಿಡಿತವಾಯಿತು ಎಂದು ಉದಾರವಾಗಿ ಇಟ್ಟುಕೊಳ್ಳೋಣ. ಟೈರಿನ ತ್ರಿಜ್ಯ 58 ಮಿ.ಮೀ. ಆದ್ದರಿಂದ ಆಕ್ಸಲಿನಲ್ಲಿ ತಿರುಗುಬಲ ಸುಮಾರು 1.6 ನ್ಯೂಟನ್-ಮೀಟರ್. ಈ ಆಕ್ಸಲಿನಲ್ಲಿ 8 ಹಲ್ಲಿನ ಪಿನಿಯನ್ 30 ಹಲ್ಲಿನ ಚಕ್ರವನ್ನು ತಿರುಗಿಸುವುದರಿಂದ ಶಾಫ್ಟಿನ ಪಾಲಿಗೆ ಬರುವುದು ಅದರ 3.75ನೆಯ ಒಂದು ಪಾಲು, ಅಂದರೆ 0.43. ಪಿನ್ನಿನ ಪ್ರತಿ ತುದಿಗೆ ಸುಮಾರು ಆರು ಕಿಲೋ ತೂಕದಷ್ಟು ಒತ್ತಡ. 2 ಮಿ.ಮೀ. ಪಿನ್ನಿನ ಅಡ್ಡಕೊಯ್ತಕ್ಕೆ ಇದು ಚದರ ಮಿ.ಮೀ.ಗೆ 20 ನ್ಯೂಟನ್ ಆಗುತ್ತದೆ. ಸಾಧಾರಣ ಮೆದು ಉಕ್ಕು ಕೂಡ ಇದರ ಹತ್ತು ಪಟ್ಟನ್ನು ತಡೆದೀತು. ಚಕ್ರ ಕಲ್ಲಿನ ಸಂದಿನಲ್ಲಿ ಸಿಕ್ಕಿ ಮೋಟಾರು ಹಟ ಹಿಡಿದು ಮೂರು ನಾಲ್ಕು ಪಟ್ಟು ಬಲ ಹಾಕಿದರೂ ಪಿನ್ನು ಉಳಿಯಬೇಕು. ಹಾಗಾಗಿ ತಿರುಗುಬಲವನ್ನು ಆರೋಪಿಗಳ ಪಟ್ಟಿಯಿಂದ ಕೈಬಿಟ್ಟೆವು.

ಉಳಿದದ್ದು ಉದ್ದ. ಶಾಫ್ಟ್ ಒಳಕ್ಕೆ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗುತ್ತಿದೆಯೇ ಎಂಬುದನ್ನು ತಿಳಿಯಲು ಗಾಡಿಯನ್ನು ಮೇಜಿನ ಮೇಲೆ ನಿಲ್ಲಿಸಿ ಕೈಯಿಂದ ಒತ್ತಿದರೆ ಸಾಲದು. ಸ್ಪ್ರಿಂಗು ಮತ್ತು ಶಾಕ್‌ನೊಳಗಿನ ಎಣ್ಣೆ ಕೈಯನ್ನು ತಡೆಯುತ್ತವೆ, ಶಾಕ್ ಕೊನೆ ಮುಟ್ಟಿತೆಂದು ನಮಗೆ ಭ್ರಮೆಯಾಗುತ್ತದೆ. ಸ್ಪ್ರಿಂಗುಗಳನ್ನು ತೆಗೆದು, ಖಾಲಿ ಶಾಕ್‌ಗಳನ್ನು ಸಿಕ್ಕಿಸಿ, ಚಕ್ರಗಳನ್ನು ಪೂರ್ತಿ ಮೇಲೆತ್ತಿ ಮತ್ತು ಪೂರ್ತಿ ಜೋಲುಬಿಟ್ಟು, ಒಂದು ತುದಿಯ ಪಿನ್ನಿನ ನಡುವಿನಿಂದ ಇನ್ನೊಂದು ತುದಿಯ ಪಿನ್ನಿನ ನಡುವಿನವರೆಗೆ ವರ್ನಿಯರ್ ಹಿಡಿದು ಅಳೆದೆವು. ಈ ಮಾದರಿಯಲ್ಲಿ ಆಕ್ಸಲಿನ ಗೇರುಗಳಿರುವ ಗೋಳ ನಡುಮಧ್ಯದಲ್ಲಿರದೆ ಒಂದು ಪಕ್ಕಕ್ಕಿರುವುದರಿಂದ, ಆ ಪಕ್ಕದ ಚಕ್ರವೊಂದನ್ನೇ ಎತ್ತಿಯೂ ಅಳೆಯಬೇಕಾಯಿತು. ಗಾಡಿ ನಿಂತಾಗ 92 ಮಿ.ಮೀ., ಪೂರ್ತಿ ಜೋಲಿದಾಗ 97, ಪೂರ್ತಿ ಒತ್ತಿದಾಗ 86. ಶಾಫ್ಟನ್ನು ಹೊರತೆಗೆದು ಒಳಕ್ಕೆ ಒತ್ತಿ ನೋಡಿದರೆ ಅದು 89ಕ್ಕೇ ನಿಂತುಬಿಟ್ಟಿತು.

ಅಂದರೆ ಶಾಕ್‌ಗಳು ಕೊನೆ ಮುಟ್ಟುವುದಕ್ಕೆ 3 ಮಿ.ಮೀ. ಮೊದಲೇ ಶಾಫ್ಟ್ ಕೊನೆ ಮುಟ್ಟುತ್ತಿತ್ತು. ಅಲ್ಲಿಂದಾಚೆಗೆ ಗಾಡಿಯನ್ನು ತಡೆದು ನಿಲ್ಲಿಸುತ್ತಿದ್ದದ್ದು ಶಾಕ್ ಅಲ್ಲ, ಡ್ರೈವ್‌ಶಾಫ್ಟ್. ಅದೂ ಎಂಥ ಬಲದಿಂದ? ಗಾಡಿ ನಿಂತ ಸ್ಥಿತಿಯಿಂದ ಚಕ್ರ 25 ಮಿ.ಮೀ. ಮೇಲೇರಿದಾಗ ಶಾಫ್ಟ್ ಕುಗ್ಗಬೇಕಾದದ್ದು 6 ಮಿ.ಮೀ. ಮಾತ್ರ. ಸನ್ನೆಕೋಲಿನ ಲೆಕ್ಕ ಇಲ್ಲಿಯೂ ನಡೆಯುತ್ತದೆ. ಚಕ್ರದ ಮೇಲೆ ಬಿದ್ದ ಪೆಟ್ಟು ಶಾಫ್ಟಿನ ಉದ್ದಕ್ಕೆ ಸರಾಸರಿ ನಾಲ್ಕು ಪಟ್ಟಾಗಿ ತಲುಪುತ್ತದೆ. ಒಂದು ಅಡಿಯಿಂದ ಬಿದ್ದ ಗಾಡಿಯ ಪೆಟ್ಟನ್ನು ನಾಲ್ಕರಿಂದ ಗುಣಿಸಿ ಒಂದು 2 ಮಿ.ಮೀ. ಪಿನ್ನಿನ ಮೇಲೆ ಹಾಕಿದರೆ ಅದು ಮುರಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಗೇರ್‌ಬಾಕ್ಸಿನಿಂದ ಹೊರಬರುವ ದಂಡವನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದಾಗ ಬೇರಿಂಗು ಸಡಿಲವಾಗಿ ಕಟಕಟ ಎಂದಿತು. ಮೊದಲ ಪಿನ್ನಿನ ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅರ್ಧಭಾಗ ಮಾಸಲಾಗಿ ನಯವಾಗಿತ್ತು, ಉಳಿದರ್ಧ ಹರಳಿನಂತೆ ಹೊಳೆಯುತ್ತಿತ್ತು. ಅದು ಒಂದೇ ಪೆಟ್ಟಿಗೆ ಮುರಿದದ್ದಲ್ಲ. ಪ್ರತಿ ಓಟದಲ್ಲಿ ಸ್ವಲ್ಪ ಸ್ವಲ್ಪ ಬಿರುಕು ಬಿಟ್ಟು, ಕೊನೆಯ ಪೆಟ್ಟಿಗೆ ಉಳಿದ ಭಾಗ ಸಿಡಿದಿತ್ತು.

ಪ್ಲಾಸ್ಟಿಕ್ ಶಾಫ್ಟಿನ ಕಾಲದಲ್ಲಿ ಈ ತೊಂದರೆ ಯಾಕಿರಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು. ಗೆಳೆಯರು ಎತ್ತಿಟ್ಟಿದ್ದ ಹಳೆಯ ಶಾಫ್ಟನ್ನು ಒತ್ತಿ ಅಳೆದರೆ ಅದು ಉಕ್ಕಿನದಕ್ಕಿಂತ ಚಿಕ್ಕದಾಗಿ ಕುಗ್ಗುತ್ತಿತ್ತು. ಅದಲ್ಲದೆ ಪ್ಲಾಸ್ಟಿಕ್ ತಾನೇ ಒಂದಿಷ್ಟು ಬಾಗಿ, ತಿರುಚಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಉಕ್ಕು ನುಂಗುವುದಿಲ್ಲ, ತನ್ನ ಪಾಲಿನದನ್ನು ಪಿನ್ನಿಗೂ ಬೇರಿಂಗಿಗೂ ದಾಟಿಸಿಬಿಡುತ್ತದೆ. ಗಟ್ಟಿ ಶಾಫ್ಟ್ ಹಾಕಿದರೆ ಗಾಡಿ ಗಟ್ಟಿಯಾಯಿತು ಎಂಬ ಮಾತು ಅಂಗಡಿಯ ಮಾತೇ ಹೊರತು ಮೇಜಿನ ಮೇಲೆ ನಿಲ್ಲುವಂಥದ್ದಲ್ಲ.

ಹೆಣ್ಣು ತುಂಡಿನ ಕೊಳವೆಯ ತಳವನ್ನು ಕೆದಕಿದಾಗ ಗ್ರೀಸು ಮತ್ತು ಗರಸು ಸೇರಿ ಕಲ್ಲಿನಂತಾದ ಒಂದು ಬಿಲ್ಲೆ ಹೊರಬಂತು, ದಪ್ಪ ಸರಿಯಾಗಿ 1 ಮಿ.ಮೀ. ಸ್ಪ್ಲೈನಿಗೆ ಬಳಿದ ಗ್ರೀಸು ಗರಸನ್ನು ಹಿಡಿದುಕೊಂಡು ಅರೆಯುವ ಹಿಟ್ಟಾಗಿತ್ತು. ಕೊಳವೆಯ ತಳ ಮುಚ್ಚಿರುವುದರಿಂದ ಗ್ರೀಸಿಗೆ ಹೊರಹೋಗಲು ದಾರಿಯಿಲ್ಲ. ಶಾಫ್ಟ್ ವೇಗವಾಗಿ ಕುಗ್ಗಿದಾಗ ಅದು ಪಂಪಿನೊಳಗಿನ ಎಣ್ಣೆಯಂತೆ ಎದುರು ನಿಲ್ಲುತ್ತದೆ. ಬಿಲ್ಲೆ ತೆಗೆದ ಮೇಲೆ ಶಾಫ್ಟ್ 88ರವರೆಗೆ ಕುಗ್ಗಿತು. ಇನ್ನೂ 2 ಮಿ.ಮೀ. ಸಾಲದು.

ಇಲ್ಲಿ ಎರಡು ದಾರಿಗಳಿದ್ದವು. ಶಾಕ್‌ಗಳೊಳಗೆ ಬಿಲ್ಲೆ ಇಟ್ಟು ಅವು ಬೇಗ ಕೊನೆ ಮುಟ್ಟುವಂತೆ ಮಾಡುವುದು ಸುಲಭ, ಆದರೆ ಎತ್ತರಿಸಿ ಗಳಿಸಿದ ಚಲನೆಯನ್ನು ಅದು ಕಸಿದುಕೊಳ್ಳುತ್ತದೆ. ಶಾಫ್ಟನ್ನೇ ಕತ್ತರಿಸುವುದು ಎರಡನೆಯದು. ಗೆಳೆಯರು ಎರಡನೆಯದನ್ನು ಆಯ್ದರು, ನನಗೂ ಅದೇ ಸರಿಯೆನಿಸಿತು.

ಕತ್ತರಿಸುವ ಮೊದಲು ಎಲ್ಲಿ ತಾಗುತ್ತಿದೆ ಎಂದು ತಿಳಿಯಬೇಕು. ಗಂಡು ತುಂಡಿನ ಸ್ಪ್ಲೈನ್ ಉದ್ದ 36 ಮಿ.ಮೀ., ಹೆಣ್ಣು ಕೊಳವೆಯ ಆಳ 34. ಶಾಫ್ಟ್ 88ಕ್ಕೆ ನಿಲ್ಲುವುದು ಗಂಡಿನ ತುದಿ ಕೊಳವೆಯ ತಳಕ್ಕೆ ತಾಗಿದಾಗ. ಆಗ ಕೊಳವೆಯ ಬಾಯಿಗೂ ಗಂಡು ತುಂಡಿನ ಭುಜಕ್ಕೂ ನಡುವೆ ಉಳಿಯುವುದು 2 ಮಿ.ಮೀ. ಮಾತ್ರ. ಆದ್ದರಿಂದ ಗಂಡಿನ ತುದಿಯನ್ನು ಎಷ್ಟು ಕತ್ತರಿಸಿದರೂ ಶಾಫ್ಟ್ 86ಕ್ಕಿಂತ ಚಿಕ್ಕದಾಗದು, ಬಾಯಿ ಭುಜಕ್ಕೆ ತಾಗುತ್ತದೆ. ನಮಗೆ ಬೇಕಾದದ್ದು 86ಕ್ಕಿಂತ ಕಡಿಮೆ. ಎರಡು ಕಡೆಯೂ ಕತ್ತರಿ ಹಾಕಲೇಬೇಕಾಯಿತು: ಗಂಡಿನ ತುದಿಯಿಂದ 4 ಮಿ.ಮೀ., ಹೆಣ್ಣಿನ ಬಾಯಿಂದ 3. ಹೀಗೆ ಮಾಡಿದರೆ ಶಾಫ್ಟ್ 84ರವರೆಗೆ ಕುಗ್ಗುತ್ತದೆ, ಪೂರ್ತಿ ಒತ್ತಿದಾಗಲೂ 2 ಮಿ.ಮೀ. ಜಾಗ ಉಳಿಯುತ್ತದೆ. ಪೂರ್ತಿ ಜೋಲಿದಾಗ ಒಂದರೊಳಗೊಂದು ಉಳಿಯುವ ಸ್ಪ್ಲೈನ್ 25 ಮಿ.ಮೀ.ಯಿಂದ 18ಕ್ಕೆ ಇಳಿಯುತ್ತದೆ. ಸ್ಪ್ಲೈನಿನ ವ್ಯಾಸ 6 ಮಿ.ಮೀ., ಅದರ ಮೂರು ಪಟ್ಟು ಹಿಡಿತ ಉಳಿದರೆ ಯೋಚನೆಯಿಲ್ಲ. ಎರಡು ಪಟ್ಟಿಗಿಂತ ಕಡಿಮೆಯಾದರೆ ಶಾಫ್ಟ್ ಒಳಗೇ ಓಲಾಡಿ ಹಲ್ಲುಗಳನ್ನು ತಿನ್ನತೊಡಗುತ್ತದೆ, ನಾನಾದರೆ ಅಷ್ಟಕ್ಕೆ ಇಳಿಯಲಾರೆ.

ಗರಗಸ ಈ ಉಕ್ಕನ್ನು ಹಿಡಿಯಲಿಲ್ಲ. ಸಣ್ಣ ಕಟಿಂಗ್ ಚಕ್ರದಲ್ಲಿ, ಬಿಸಿಯಾಗದಂತೆ ಆಗಾಗ ನೀರಿಗೆ ಅದ್ದಿ, ಅರ್ಧ ಮಿ.ಮೀ. ಉಳಿಸಿ ಕತ್ತರಿಸಿದೆವು. ಉಳಿದದ್ದನ್ನು ಮುಖ ನೇರವಾಗುವಂತೆ ತೆಗೆಯಲು ಬಡಾವಣೆಯ ಲೇತ್ ಅಂಗಡಿಗೆ ಹೋದೆವು. ಅಲ್ಲಿನ ಹಿರಿಯ ಟರ್ನರ್ ಶಾಫ್ಟನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿ, “ಲಾರಿದೂ ಹಿಂಗೇ ಅಲ್ವೇನ್ ಸಾರ್? ಬಾಣದ ಗುರುತು ನೋಡ್ದೆ ಹಾಕ್ಬಿಡ್ತಾರೆ, ಆಮೇಲೆ ಕ್ರಾಸ್ ಹೋಯ್ತು ಅಂತ ಬರ್ತಾರೆ” ಎಂದರು. ಲಾರಿಯ ಶಾಫ್ಟಿನ ಎರಡು ತುಂಡುಗಳ ಮೇಲೆ ಎದುರುಬದುರಾಗುವ ಬಾಣಗಳಿರುತ್ತವೆ. ನಮ್ಮ ಶಾಫ್ಟಿನ ಮೇಲೆ ಅಂಥ ಗುರುತೇನೂ ಇರಲಿಲ್ಲ. ಅವರೇ ಎರಡು ತುಂಡಿನ ಮೇಲೂ ಒಂದೊಂದು ಗೀರು ಹಾಕಿಕೊಟ್ಟರು. ಕೊಳವೆಯ ತಳದ ಪಕ್ಕದಲ್ಲಿ ಒಂದೂವರೆ ಮಿ.ಮೀ. ರಂಧ್ರವನ್ನೂ ಕೊರೆಸಿದೆವು, ಒಳಗಿನ ಗಾಳಿಗೂ ಧೂಳಿಗೂ ದಾರಿಯಾಗಲೆಂದು.

ಗುಂಡಿನ ತೂತು ಒಂದು ಕಡೆಗೆ ಮೊಟ್ಟೆಯಾಕಾರವಾಗಿ 2.2 ಮಿ.ಮೀ. ಆಗಿತ್ತು. ಅದರಲ್ಲಿ ಎಂಥ ಪಿನ್ನು ಹಾಕಿದರೂ ಅಲುಗಾಡುವುದರಿಂದ ಗುಂಡನ್ನೇ ಬದಲಿಸಿದೆವು. ಪಿನ್ನಿಗೆ ಈ ಸಲ ಸೈಕಲ್ ಕಡ್ಡಿಯಲ್ಲ, ಹದಗೊಳಿಸಿದ 2 ಮಿ.ಮೀ. ಡಾವೆಲ್ ಪಿನ್ನು. ಕವಲಿನ ಹೊರಮುಖದಿಂದ ಒಂದಿಷ್ಟೂ ಹೊರಚಾಚದಂತೆ ಸಾಣೆ ಹಿಡಿದು ಉದ್ದ ಸರಿಪಡಿಸಿದೆವು. ಇಷ್ಟು ಗಟ್ಟಿಯಾದ ಪಿನ್ನಿನೊಳಕ್ಕೆ ಗ್ರಬ್ ಸ್ಕ್ರೂ ಕಚ್ಚುವುದಿಲ್ಲ, ಪಿನ್ನು ಜಾರಿ ಹೊರಬರುತ್ತದೆ. ಅದಕ್ಕಾಗಿ ಸ್ಕ್ರೂ ಕೂರುವ ನಡುಭಾಗದಲ್ಲಿ ಮಾತ್ರ, ಕಚ್ಚುಗಳಿಲ್ಲದಂತೆ, ತೀರಾ ತೆಳುವಾದ ಒಂದು ಚಪ್ಪಟೆ ಮಾಡಿಕೊಂಡೆವು.

ಗ್ರಬ್ ಸ್ಕ್ರೂಗಳ ವಿಷಯದಲ್ಲಿ ಅವಸರ ಮಾಡಿದವರೇ ಹೆಚ್ಚು ಕೆಡಿಸಿಕೊಳ್ಳುತ್ತಾರೆ. ಎಂ3 ಗ್ರಬ್ ಸ್ಕ್ರೂಗೆ ಬೇಕಾದ ಅಲೆನ್ ಕೀ 1.5 ಮಿ.ಮೀ. ಗಾತ್ರದ್ದು. ಅದರ ಮೂಲೆಗಳು ಸವೆದಿದ್ದರೆ ಸ್ಕ್ರೂನ ಗುಳಿಯನ್ನು ದುಂಡಗೆ ಮಾಡಿಬಿಡುತ್ತದೆ. ಸ್ಕ್ರೂ ಮತ್ತು ತೂತಿನ ಎಣ್ಣೆಯನ್ನು ಪೂರ್ತಿ ತೊಳೆದು ಒಣಗಿಸಿ, ನೀಲಿ ಲಾಕ್‌ಟೈಟ್ 243ರ ಒಂದೇ ಹನಿಯನ್ನು ಸ್ಕ್ರೂನ ಎಳೆಗಳಿಗೆ ಮುಟ್ಟಿಸಿದೆವು. ಗಾಳಿಯಿಲ್ಲದ ಸಂದಿನಲ್ಲಿ, ಲೋಹದ ಸ್ಪರ್ಶದಲ್ಲಿ ಗಟ್ಟಿಯಾಗುವ ವಸ್ತು ಅದು. ಹನಿ ಹೆಚ್ಚಾಗಿ ಪಿನ್ನಿನ ಸುತ್ತ ಹರಿದರೆ ಜೋಡಣೆಯೇ ಅಂಟಿಕೊಳ್ಳುತ್ತದೆ. ಪೂರ್ತಿ ಹಿಡಿಯಲು ಒಂದು ದಿನ ಬಿಟ್ಟೆವು. ಮುಂದೆ ಬಿಚ್ಚಬೇಕಾದಾಗ ಬಲ ಹಾಕುವ ಮೊದಲು ಕಾದ ಸಾಲ್ಡರಿಂಗ್ ಕಡ್ಡಿಯ ತುದಿಯನ್ನು ಸ್ಕ್ರೂಗೆ ಒತ್ತಿ ಬಿಸಿ ಮಾಡಬೇಕು. ಯೋಕನ್ನು ದಂಡಕ್ಕೆ ಹಿಡಿಯುವ ಸ್ಕ್ರೂ ದಂಡದ ಚಪ್ಪಟೆಯ ಮೇಲೇ ಕೂತಿದೆಯೇ ಎಂದು ನೋಡುವುದೂ ಮುಖ್ಯ. ದಂಡದ ತ್ರಿಜ್ಯ ಬರೀ ಎರಡೂವರೆ ಮಿ.ಮೀ., ದುಂಡು ಮೈಮೇಲೆ ಬರೀ ಘರ್ಷಣೆಯ ನೆಚ್ಚಿಕೆಯಲ್ಲಿ ಕೂತ ಸ್ಕ್ರೂ ಮೊದಲ ಏರಿನಲ್ಲೇ ಜಾರುತ್ತದೆ.

ಗೇರ್‌ಬಾಕ್ಸಿನ ಸಡಿಲ ಬೇರಿಂಗನ್ನು ಬದಲಿಸಿದೆವು. ಸ್ಪ್ಲೈನಿಗೆ ಗ್ರೀಸು ಬಳಿಯಲಿಲ್ಲ, ಬೀಗಗಳಿಗೆ ಹಾಕುವ ಗ್ರಾಫೈಟ್ ಪುಡಿಯನ್ನು ಉದುರಿಸಿ ಒರೆಸಿದೆವು, ಅಷ್ಟೆ.

ಲೆಕ್ಕದ 2 ಮಿ.ಮೀ. ಗಾಡಿಯಲ್ಲಿಯೂ ಇದೆಯೇ ಎಂದು ನೋಡಲು ಗೆಳೆಯರ ಮನೆಯ ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಒಂದು ಗುಳಿಗೆ ತಂದೆವು. ಅದನ್ನು ಕೊಳವೆಯ ತಳಕ್ಕೆ ಹಾಕಿ, ಗಂಡಿನ ತುದಿಗೆ ಎಣ್ಣೆ ಸವರಿ, ಶಾಫ್ಟನ್ನು ಗಾಡಿಗೆ ಜೋಡಿಸಿ, ಸ್ಪ್ರಿಂಗಿಲ್ಲದ ಚಕ್ರಗಳನ್ನು ಮೊದಲು ಎರಡನ್ನೂ ಒಟ್ಟಿಗೆ, ಆಮೇಲೆ ಗೋಳದ ಪಕ್ಕದ್ದನ್ನು ಒಂದನ್ನೇ, ಕೊನೆ ಮುಟ್ಟುವವರೆಗೆ ಒತ್ತಿದೆವು. ಬಿಚ್ಚಿ ತೆಗೆದ ಹಿಟ್ಟಿನ ಬಿಲ್ಲೆ ಸುಮಾರು 2 ಮಿ.ಮೀ. ದಪ್ಪವಿತ್ತು. ಕೊಳವೆಯನ್ನು ತೊಳೆದು ಒಣಗಿಸಿ, ಟರ್ನರ್ ಹಾಕಿದ ಗೀರುಗಳನ್ನು ಎದುರುಬದುರು ಮಾಡಿ, ಕೊನೆಯ ಸಲ ಸೇರಿಸಿದೆವು.

ಆ ಮೇಲೆ ಗಾಡಿ ಅದೇ ಬಂಡೆಗಳ ಮೇಲೆ ಒಂಬತ್ತು ಸಲ ಓಡಿದೆ, ಅದೇ ಮೆಟ್ಟಿಲುಗಲ್ಲಿನಿಂದ ಬೇಕೆಂದೇ ಬಿದ್ದೂ ಇದೆ. ಪ್ರತಿ ಮೂರನೆಯ ಓಟದ ನಂತರ ಶಾಫ್ಟ್ ಬಿಚ್ಚಿ ನೋಡುತ್ತಿದ್ದೇವೆ. ಗಂಡಿನ ತುದಿಗೆ ಬಳಿದ ಮಾರ್ಕರ್ ಶಾಯಿ ಇನ್ನೂ ಅಳಿದಿಲ್ಲ, ಪಿನ್ನು ನೆಟ್ಟಗಿದೆ, ಬೇರಿಂಗು ಕಟಕಟ ಎನ್ನುತ್ತಿಲ್ಲ. ಹಲ್ಲು ಸರಿಪಡಿಸಿದ ಮೇಲೂ ಕಡ್ಡಿ ಬಾಗಿತ್ತು, ಉದ್ದ ಸರಿಪಡಿಸಿದ ಮೇಲೆ ಪಿನ್ನು ಬಾಗಿಲ್ಲ. ಎರಡನ್ನೂ ಒಂದೇ ದಿನ ಸರಿಪಡಿಸಿದ್ದರೆ ಯಾವುದು ಯಾವುದಕ್ಕೆ ಕಾರಣವೆಂದು ಇಷ್ಟು ಖಚಿತವಾಗಿ ಬರೆಯಲಾಗುತ್ತಿರಲಿಲ್ಲ. ಹಿಂದಿನ ಆಕ್ಸಲಿನ ಶಾಫ್ಟನ್ನೂ ಸ್ಪ್ರಿಂಗು ತೆಗೆದು ಅಳೆದಿದ್ದೇವೆ. ಪೂರ್ತಿ ಒತ್ತಿದಾಗ ಅದರಲ್ಲಿ 3 ಮಿ.ಮೀ. ಉಳಿಯುತ್ತದೆ. ಗೆಳೆಯರು ಹಿಂದಿನ ಶಾಕ್‌ಗಳನ್ನು ಬದಲಿಸುವ ಯೋಚನೆಯಲ್ಲಿದ್ದಾರೆ. ಬದಲಿಸಿದ ದಿನ ಆ ಅಳತೆಯನ್ನು ಮತ್ತೆ ತೆಗೆಯಬೇಕಾಗುತ್ತದೆ.